ಮೂವತ್ತೇಳು ವರ್ಷದ ಫೌಜು, ನಲವತ್ತು ಪುಟದ ಪುಸ್ತಿಕೆ

ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ನಡೆಯಬೇಕಿದ್ದ ಸನ್ಮಾನಕ್ಕೆ, ನಮ್ಮ ಭಾಗದ ಒಬ್ಬ ಮೇಜರ್ ಜನರಲ್ ಅವರ ಸೇವಾ ಜೀವನವನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನಮ್ಮ ಪಾಲಿಗೆ ಬಂತು. ನಾವೆಂದರೆ ಮೂವರು: ಕಾಲೇಜಿನಲ್ಲಿ ಎನ್‌ಸಿಸಿ ನೋಡಿಕೊಳ್ಳುವ ಅಧ್ಯಾಪಕರೊಬ್ಬರು, ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿದ್ದು ಬಂದ ಸುಬೇದಾರ್ ಮೇಜರ್ ಒಬ್ಬರು, ಕರಡು ತಿದ್ದುವುದಕ್ಕೆ ಒಬ್ಬರು. 40 ಪುಟ, 500 ಪ್ರತಿ, ಎರಡು ತಿಂಗಳ ಗಡುವು. ರಾಯಚೂರು, ಕೊಪ್ಪಳದ ಕಡೆಯೂ ಇಂಥ ಪುಸ್ತಿಕೆ ಮಾಡುವವರು, ಶಾಲೆಯ ಗೋಡೆಗೆ ಫಲಕ ಬರೆಸುವವರು ಆಗಾಗ ಸಿಗುತ್ತಾರೆ. ಅವರಿಗೆ ಬಳಕೆಗೆ ಬರಲೆಂದು, ಕೆಲಸ ಹೇಗೆ ಸಾಗಿತು, ಎಲ್ಲೆಲ್ಲಿ ಕೆಟ್ಟಿತು ಎಂಬುದನ್ನು ಬರೆದಿಟ್ಟಿದ್ದೇವೆ. ಅಧಿಕಾರಿಯ ಹೆಸರು ಇಲ್ಲಿ ಬೇಡ. ಯಾರ ಬಗ್ಗೆ ಬರೆದರೂ ಕೆಲಸದ ರೀತಿ ಇದೇ.

ಮೊದಲ ತಪ್ಪು ಆಮಂತ್ರಣ ಪತ್ರಿಕೆಯಲ್ಲೇ ಇತ್ತು. ಹೆಸರಿನ ಹಿಂದೆ "ನಿವೃತ್ತ ಮೇಜರ್ ಜನರಲ್" ಎಂದು ಅಚ್ಚಾಗಿತ್ತು. ಫೌಜಿನಲ್ಲಿ ನಿವೃತ್ತಿ ಮನುಷ್ಯನಿಗೆ, ರ‍್ಯಾಂಕಿಗಲ್ಲ. ಮೊದಲು ರ‍್ಯಾಂಕ್, ಆಮೇಲೆ ಹೆಸರು, ಅದರ ಮುಂದೆ ಪದಕಗಳ ಅಕ್ಷರ, ಕಟ್ಟಕಡೆಗೆ ಆವರಣದೊಳಗೆ "ನಿವೃತ್ತ" ಎಂಬುದು ಸರಿಯಾದ ಕ್ರಮ. ಪದಕದ ಅಕ್ಷರ ಹಾಕಬಹುದು, ಪದ್ಮ ಪ್ರಶಸ್ತಿಯನ್ನು ಮಾತ್ರ ಹೆಸರಿಗೆ ಅಂಟಿಸುವಂತಿಲ್ಲ. ಸಂವಿಧಾನದ 18ನೇ ವಿಧಿ ಸರ್ಕಾರ ಬಿರುದು ಕೊಡುವುದನ್ನು ತಡೆದಿದೆ, ಸೇನೆಯ ಮತ್ತು ವಿದ್ಯೆಯ ಗೌರವಗಳಿಗಷ್ಟೇ ವಿನಾಯಿತಿ ಇಟ್ಟಿದೆ. ಆಮಂತ್ರಣ ಮತ್ತೆ ಅಚ್ಚು ಹಾಕಿಸಿದ್ದಾಯಿತು.

ಮನೆಯವರು ಬರೆದುಕೊಟ್ಟ ಪಟ್ಟಿ ಒಂದೇ ಹಾಳೆಯದು: ಲೆಫ್ಟಿನೆಂಟ್, ಕ್ಯಾಪ್ಟನ್, ಮೇಜರ್, ಹೀಗೆ ಮೇಲೇರಿ ಮೇಜರ್ ಜನರಲ್‌ವರೆಗೆ, ಪ್ರತಿಯೊಂದರ ಎದುರು ಒಂದು ಇಸವಿ. ಸಾಮಾನ್ಯವಾಗಿ ಫಲಕದ ಮೇಲೆ ಬರುವುದೂ ಇಷ್ಟೇ. ಆದರೆ ರ‍್ಯಾಂಕ್ ಹೇಳಿದರೆ ಸಂಬಳ ಗೊತ್ತಾಗುತ್ತದೆ, ಮಾಡಿದ ಕೆಲಸ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಈ ಗೊಂದಲ ಇನ್ನೂ ಹೆಚ್ಚು, ಯಾಕೆಂದರೆ ರ‍್ಯಾಂಕಿಗೂ ನಾವು ಹುದ್ದೆ ಅನ್ನುತ್ತೇವೆ, ಹೊತ್ತ ಹೊಣೆಗೂ ಹುದ್ದೆ ಅನ್ನುತ್ತೇವೆ. ಹಾಗಾಗಿ ಶುರುವಿಗೇ ಒಂದು ಕಟ್ಟು ಮಾಡಿಕೊಂಡೆವು: ಭುಜದ ಮೇಲಿರುವುದು ರ‍್ಯಾಂಕ್, ಕುರ್ಚಿಯ ಮೇಲಿರುವುದು ಹುದ್ದೆ. ಪುಸ್ತಿಕೆಯುದ್ದಕ್ಕೂ ಅದನ್ನು ಮೀರಲಿಲ್ಲ.

ಆಮೇಲೆ ಉದ್ದ ಹಾಳೆಗೆ ಐದು ಕಾಲಂ ಹಾಕಿದೆವು. ಯಾವತ್ತಿನಿಂದ ಯಾವತ್ತಿನವರೆಗೆ, ಆಗಿನ ರ‍್ಯಾಂಕ್, ಹುದ್ದೆ, ಯಾವ ಪಡೆ ಮತ್ತು ಎಲ್ಲಿ, ಕೊನೆಯದರಲ್ಲಿ ಇದಕ್ಕೆ ಆಧಾರವೇನು. ಅಧಿಕಾರಿಗಳಿಗೆ ಎರಡು ಮೂರು ವರ್ಷಕ್ಕೊಮ್ಮೆ ಬದಲಿ ಇದ್ದೇ ಇರುತ್ತದೆ. 37 ವರ್ಷಕ್ಕೆ 19 ಸಾಲು ಬಂತು, ಮಾಡಿದ ಕೋರ್ಸುಗಳು ಬೇರೆ. ಆಧಾರದ ಕಾಲಂ ಖಾಲಿ ಇರುವ ಸಾಲನ್ನು ಪುಸ್ತಿಕೆಗೆ ಸೇರಿಸಬಾರದು ಎಂದು ಸುಬೇದಾರ್ ಸಾಹೇಬರು ಹಟ ಹಿಡಿದರು. ಮೊದಲು ಕಿರಿಕಿರಿ ಅನ್ನಿಸಿತು, ಆದರೆ ಕೊನೆಗೆ ಕಾಪಾಡಿದ್ದು ಅದೇ.

ಕೈ ಪಳಗಲೆಂದು ಮೊದಲು ಜನರಲ್ ಕೆ.ಎಸ್. ತಿಮ್ಮಯ್ಯನವರ ಪಟ್ಟಿ ಮಾಡಿದೆವು. ಅವರ ವಿವರ ಎಲ್ಲರ ಕೈಗೂ ಸಿಗುವಂಥದು. 1926ರಲ್ಲಿ ಇಂಗ್ಲೆಂಡಿನ ಸೈನಿಕ ತರಬೇತಿ ಶಾಲೆಯಾದ ಸ್ಯಾಂಡ್‌ಹರ್ಸ್ಟ್‌ನಿಂದ ಅಧಿಕಾರಿಯಾಗಿ ಹೊರಬಂದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನಿನಲ್ಲಿ ಬೆಟಾಲಿಯನ್ ನಡೆಸಿದರು, ಆಮೇಲೆ ಬ್ರಿಗೇಡ್. 1948ರಲ್ಲಿ ಮೇಜರ್ ಜನರಲ್ ರ‍್ಯಾಂಕಿನಲ್ಲಿ ಕಾಶ್ಮೀರದ 19ನೇ ಡಿವಿಜನ್ ಅವರ ಕೈಯಲ್ಲಿತ್ತು. ಆ ವರ್ಷದ ನವೆಂಬರ್ 1ರಂದು ಜೊಜಿಲಾ ಕಣಿವೆಗೆ ಹಗುರ ಟ್ಯಾಂಕುಗಳನ್ನು ಹತ್ತಿಸಿದ್ದು ಆಗಲೇ. 1953ರಲ್ಲಿ ರ‍್ಯಾಂಕ್ ಲೆಫ್ಟಿನೆಂಟ್ ಜನರಲ್, ಹುದ್ದೆ ಕೊರಿಯಾದಲ್ಲಿ ಯುದ್ಧ ಕೈದಿಗಳನ್ನು ಊರಿಗೆ ಕಳಿಸುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆ. ರ‍್ಯಾಂಕೂ ಹುದ್ದೆಯೂ ಎಷ್ಟು ಬೇರೆ ಎಂಬುದು ಈ ಒಂದು ಸಾಲಿನಲ್ಲೇ ತಿಳಿಯುತ್ತದೆ. 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರು. ಅಲ್ಲಿಗೆ ಗೆರೆ ಎಳೆದುಬಿಟ್ಟಿದ್ದರೆ ಸೈಪ್ರಸ್ ತಪ್ಪಿಹೋಗುತ್ತಿತ್ತು: 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ದಂಡನಾಯಕರಾಗಿ ಹೋದರು, 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ನಿವೃತ್ತಿಯ ತಾರೀಖಿನ ಕೆಳಗೂ ನಾಲ್ಕು ಸಾಲು ಜಾಗ ಬಿಡುವುದನ್ನು ಕಲಿತದ್ದು ಇದರಿಂದ.

ತಿಮ್ಮಯ್ಯನವರ ಪಟ್ಟಿಯಲ್ಲಿ ನಮ್ಮ ಸೀಮೆಯವರು ಎಡವುವ ಇನ್ನೊಂದು ಕಲ್ಲಿದೆ. ಅವರು ಸೇರಿದ್ದು 19ನೇ ಹೈದರಾಬಾದ್ ರೆಜಿಮೆಂಟನ್ನು. ರಾಯಚೂರು, ಕೊಪ್ಪಳದಲ್ಲಿ ಈ ಹೆಸರು ಓದಿದ ಕೂಡಲೇ "ಅಂದ್ರ ನಿಜಾಮನ ಫೌಜಿನ್ಯಾಗ ಇದ್ರೇನ್ರಿ?" ಎಂದು ಕೇಳುತ್ತಾರೆ. ಅಲ್ಲ. ಹಿಂದೆ ನಿಜಾಮನ ಖರ್ಚಿನಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಹೈದರಾಬಾದ್ ಕಾಂಟಿಂಜೆಂಟ್ ಎಂಬ ಪಡೆಯಿತ್ತು. 1903ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಸೈನ್ಯದೊಳಗೆ ಕರಗಿತು, 1922ರಲ್ಲಿ 19ನೇ ಹೈದರಾಬಾದ್ ರೆಜಿಮೆಂಟ್ ಆಯಿತು, 1945ರಲ್ಲಿ ಕುಮಾವೂಂ ರೆಜಿಮೆಂಟ್ ಎಂಬ ಹೆಸರು ಪಡೆಯಿತು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯಕ್ಕೆ ಶರಣಾದ ನಿಜಾಮನ ಫೌಜೇ ಬೇರೆ. ಹಳೆಯ ಹೆಸರು ಬಂದಲ್ಲೆಲ್ಲ ಈಗಿನ ಹೆಸರನ್ನು ಪಕ್ಕದಲ್ಲೇ ಬರೆದರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಹುದ್ದೆಯ ಹೆಸರಿಗೂ ಇದೇ ಮಾತು. ಕಾರ್ಯಪ್ಪನವರನ್ನು ಮೊದಲ ಭಾರತೀಯ "ಚೀಫ್ ಆಫ್ ಆರ್ಮಿ ಸ್ಟಾಫ್" ಎಂದು ಎಷ್ಟೋ ಫಲಕಗಳಲ್ಲಿ ಬರೆದಿರುತ್ತಾರೆ. 1949ರ ಜನವರಿ 15ರಂದು ಅವರು ವಹಿಸಿಕೊಂಡದ್ದು ಕಮಾಂಡರ್ ಇನ್ ಚೀಫ್ ಹುದ್ದೆ. ಹೆಸರು ಬದಲಾದದ್ದು 1955ರಲ್ಲಿ, ಅಷ್ಟರಲ್ಲಿ ಅವರು ನಿವೃತ್ತರಾಗಿ ಎರಡು ವರ್ಷ ದಾಟಿತ್ತು.

ಇನ್ನು ನಮ್ಮ ಅಧಿಕಾರಿಯ ಕಾಗದಪತ್ರಕ್ಕೆ ಬರೋಣ. ಜವಾನರ, ಜೆಸಿಒಗಳ (ಸುಬೇದಾರರ ವರ್ಗದವರ) ದಾಖಲೆ ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿರುತ್ತದೆ, ಅಧಿಕಾರಿಗಳದು ದೆಹಲಿಯ ಸೇನಾ ಮುಖ್ಯಾಲಯದಲ್ಲಿ. ಮನೆಯಲ್ಲಿ ಸಿಕ್ಕವು ಪಿಂಚಣಿ ಆದೇಶ, ಬದಲಿ ಆದೇಶಗಳ ಒಂದು ಕಟ್ಟು, ಕೋರ್ಸಿನ ಪ್ರಮಾಣಪತ್ರಗಳು. ಬಡ್ತಿಯ ತಾರೀಖಿಗೆ ಎಲ್ಲಕ್ಕಿಂತ ಗಟ್ಟಿ ಆಧಾರವೆಂದರೆ ಭಾರತದ ಗೆಜೆಟ್. ರಕ್ಷಣಾ ಇಲಾಖೆಯ ನೇಮಕ, ಬಡ್ತಿಗಳು ಅದರ ಭಾಗ 1, ಸೆಕ್ಷನ್ 4ರಲ್ಲಿ ಬರುತ್ತವೆ. ರಾಷ್ಟ್ರಪತಿಗಳು ಕೊಡುವ ಪದಕಗಳು ಭಾಗ 1, ಸೆಕ್ಷನ್ 1ರಲ್ಲಿ. 1947ಕ್ಕಿಂತ ಮುಂಚಿನವರಾದರೆ ಲಂಡನ್ ಗೆಜೆಟ್ ನೋಡಬೇಕು, ಅದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ.

ಗೆಜೆಟ್ಟಿನಲ್ಲಿ ಹೆಸರು ಹಿಡಿದು ಹುಡುಕಹೊರಟರೆ ಸೋಲು ಖಚಿತ. ನಮ್ಮ ಕಡೆ ಊರ ಹೆಸರು, ತಂದೆಯ ಹೆಸರು, ಸ್ವಂತ ಹೆಸರು ಎಂದು ಸಾಲಾಗಿರುತ್ತದೆ. ಅಲ್ಲಿ ಅದು ತಲೆಕೆಳಗಾಗಿ, ಒಮ್ಮೆ ಇನಿಷಿಯಲ್ಲಾಗಿ, ಇನ್ನೊಮ್ಮೆ ಬಿಡಿಸಿ ಬರೆದಿರುತ್ತಾರೆ. ಪಾಟೀಲ, ಗೌಡ ಎಂದರೆ ಒಂದೇ ಪುಟದಲ್ಲಿ ಇಬ್ಬರು ಮೂವರು. ಜೊತೆಗಾರರನ್ನು ಕೇಳಿದರೆ ಅವರಿಗೆ ಗೊತ್ತಿರುವುದು ಮೆಸ್ಸಿನ ಅಡ್ಡಹೆಸರು. ತಿಮ್ಮಯ್ಯ "ಟಿಮ್ಮಿ", ಕಾರ್ಯಪ್ಪ "ಕಿಪ್ಪರ್" ಆದ ಹಾಗೆ. ಹಿಡಿಯಬೇಕಾದದ್ದು ಸೇವಾ ಸಂಖ್ಯೆಯನ್ನು. ಅಧಿಕಾರಿಯಾದ ದಿನ ಬಂದ ಸಂಖ್ಯೆ ಸಾಮಾನ್ಯವಾಗಿ ಕೊನೆಯವರೆಗೂ ಅದೇ. ಮುಂದಿರುವ ಅಕ್ಷರವೂ ಮಾತಾಡುತ್ತದೆ: ಐಸಿ ಎಂದರೆ ಕಾಯಂ ನೇಮಕದ ಅಧಿಕಾರಿಗಳು, ಎಸ್‌ಎಸ್ ಎಂದರೆ ಅಲ್ಪಾವಧಿಯವರು, ಎಂಆರ್ ಎಂದರೆ ಸೇನೆಯ ಕಾಯಂ ವೈದ್ಯರು, ಜೆಸಿ ಎಂದರೆ ಸುಬೇದಾರರ ವರ್ಗ. ಹುಡುಕಲಿಕ್ಕೆ ಇದನ್ನು ಬಳಸಿ, ಅಚ್ಚಿಗೆ ಮಾತ್ರ ಹಾಕಬೇಡಿ. ಪಿಂಚಣಿ ಸಂಖ್ಯೆ, ಮನೆ ವಿಳಾಸವೂ ಹಾಗೆಯೇ.

ಹುಟ್ಟಿದ ದಿನ ನೋಡಿ ಮೂವರೂ ನಕ್ಕೆವು: 1955ರ ಜೂನ್ 1. ಆ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಶಾಲೆಗೆ ಸೇರಿಸಲು ಬಂದವರಿಗೆ ಮಗು ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಹೆಡ್‌ಮಾಸ್ತರರು ಜೂನ್ 1 ಬರೆದು ಮುಗಿಸುತ್ತಿದ್ದರು. ಅರ್ಧ ಊರಿನ ಹುಟ್ಟುಹಬ್ಬ ಒಂದೇ ದಿನ. ಮನೆಯವರು ಹೇಳುವ ನಿಜವಾದ ದಿನ ದಸರೆಯ ಆಸುಪಾಸು. ಪುಸ್ತಿಕೆಗೆ ದಾಖಲೆಯದನ್ನೇ ಇಟ್ಟುಕೊಂಡೆವು, ಏಕೆಂದರೆ ಉಳಿದ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಈಗಿನ ನಿಯಮದಲ್ಲಿ ಕರ್ನಲ್ 54ಕ್ಕೆ, ಬ್ರಿಗೇಡಿಯರ್ 56ಕ್ಕೆ, ಮೇಜರ್ ಜನರಲ್ 58ಕ್ಕೆ, ಲೆಫ್ಟಿನೆಂಟ್ ಜನರಲ್ 60ಕ್ಕೆ ನಿವೃತ್ತಿ. ಸೇನಾ ಮುಖ್ಯಸ್ಥರಿಗೆ 62 ಅಥವಾ ಮೂರು ವರ್ಷ, ಯಾವುದು ಮೊದಲೋ ಅದು. ನಿವೃತ್ತಿ ತಿಂಗಳ ಕೊನೆಯ ದಿನ, ಆದರೆ ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನ. ಹಾಗಾಗಿ 2013ರ ಮೇ 31. ಮನೆಯವರ ಪಟ್ಟಿಯಲ್ಲಿ "ಜೂನ್ 2013" ಎಂದಿತ್ತು. ಹುಟ್ಟಿದ ದಿನದ ಒಂದು ವರ್ಷದ ವ್ಯತ್ಯಾಸ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರ ಉದಾಹರಣೆ ಇದೆ. 1950ರೋ 1951ರೋ ಎಂಬ ಪ್ರಶ್ನೆ 2012ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತ್ತು.

ಬಡ್ತಿಯ ತಾರೀಖುಗಳಲ್ಲಿ ಒಬ್ಬ ಹುಡುಗನ ಜಾಣತನ ನಮ್ಮನ್ನು ಒಂದು ವಾರ ಸುತ್ತಿಸಿತು. ಕ್ಯಾಪ್ಟನ್ ಆಗಲು 2 ವರ್ಷ, ಮೇಜರ್‌ಗೆ 6, ಲೆಫ್ಟಿನೆಂಟ್ ಕರ್ನಲ್‌ಗೆ 13 ಎಂದು ಎಲ್ಲೋ ಓದಿ, ನಮ್ಮವರು ಅಧಿಕಾರಿಯಾದ 1976ಕ್ಕೆ ಅಷ್ಟಷ್ಟು ಕೂಡಿಸಿ ಇಸವಿ ತುಂಬಿಸಿದ್ದ. ಆ ಲೆಕ್ಕ 2004ರ ಡಿಸೆಂಬರಿನಿಂದ ಈಚಿನದು. ಹಿಂದಿನ ಬ್ಯಾಚುಗಳು ಪ್ರತಿ ಮೆಟ್ಟಿಲಲ್ಲೂ ಇದಕ್ಕಿಂತ ಬಹಳ ಹೆಚ್ಚು ಕಾದಿದ್ದಾರೆ. ಅಲ್ಲದೆ ಆಗ ಶುರುವಾಗುತ್ತಿದ್ದದ್ದು ಸೆಕೆಂಡ್ ಲೆಫ್ಟಿನೆಂಟ್ ಎಂಬ ರ‍್ಯಾಂಕಿನಿಂದ, ಈಗ ಅದು ಇಲ್ಲವೇ ಇಲ್ಲ.

ಲೆಫ್ಟಿನೆಂಟ್ ಕರ್ನಲ್‌ವರೆಗಿನ ದಾರಿ ಈಗ ವರ್ಷದ ಲೆಕ್ಕದ್ದು. ಅಲ್ಲಿಂದ ಮುಂದಕ್ಕೆ ಆಯ್ಕೆ. ಕರ್ನಲ್ ಆಗಲು 3ನೇ ಸಂಖ್ಯೆಯ ಸೆಲೆಕ್ಷನ್ ಬೋರ್ಡು, ಬ್ರಿಗೇಡಿಯರ್‌ಗೆ 2ನೇದು, ಮೇಜರ್ ಜನರಲ್‌ಗೆ 1ನೇದು, ಲೆಫ್ಟಿನೆಂಟ್ ಜನರಲ್‌ಗೆ ವಿಶೇಷ ಬೋರ್ಡು. ಒಂದು ಬ್ಯಾಚಿನವರನ್ನೆಲ್ಲ ಒಟ್ಟಿಗೆ ನೋಡುತ್ತಾರೆ. ಮೊದಲ ಸಲ ಆಗದವರಿಗೆ ಇನ್ನೆರಡು ಅವಕಾಶ. ಬೋರ್ಡು ನೋಡುವುದು ವಾರ್ಷಿಕ ಗುಪ್ತ ವರದಿಗಳನ್ನು, ಅದರಲ್ಲೂ ಪಡೆ ನಡೆಸಿದ ಕಾಲದ ವರದಿಗಳನ್ನು. ಆದ್ದರಿಂದಲೇ ಹಿರಿಯ ಅಧಿಕಾರಿಯ ಪಟ್ಟಿಯಲ್ಲಿ ಒಂದು ಹೆಣಿಗೆ ಕಾಣುತ್ತದೆ: ಪಡೆಯ ಕಮಾಂಡ್, ಆಮೇಲೆ ಮುಖ್ಯಾಲಯದಲ್ಲಿ ಯೋಜನೆ, ಆಡಳಿತ ನೋಡುವ ಸ್ಟಾಫ್ ಕೆಲಸ, ನಡುವೆ ಒಂದು ಕೋರ್ಸು, ಮತ್ತೆ ಹಿಂದಿನದಕ್ಕಿಂತ ದೊಡ್ಡ ಪಡೆಯ ಕಮಾಂಡ್. ಸುಮಾರು 800 ಜನರ ಬೆಟಾಲಿಯನ್, ಸಾಮಾನ್ಯವಾಗಿ ಮೂರು ಬೆಟಾಲಿಯನ್ನಿನ ಬ್ರಿಗೇಡ್, ಮೂರರಷ್ಟು ಬ್ರಿಗೇಡಿನ ಡಿವಿಜನ್. ಕೋರ್ಸುಗಳೆಂದರೆ ಮೇಜರ್ ಆಗಿದ್ದಾಗ ಪರೀಕ್ಷೆ ಬರೆದು ಹೋಗುವ ತಮಿಳುನಾಡಿನ ವೆಲ್ಲಿಂಗ್ಟನ್ನಿನ ಸ್ಟಾಫ್ ಕಾಲೇಜು, ಕರ್ನಲ್ ಹಂತದಲ್ಲಿ ಮಧ್ಯಪ್ರದೇಶದ ಮಹೂವಿನ ಹೈಯರ್ ಕಮಾಂಡ್, ಬ್ರಿಗೇಡಿಯರ್ ಹಂತದಲ್ಲಿ ದೆಹಲಿಯ ನ್ಯಾಷನಲ್ ಡಿಫೆನ್ಸ್ ಕಾಲೇಜು. ಮಹೂವಿನ ಸಂಸ್ಥೆಗೆ ಆರ್ಮಿ ವಾರ್ ಕಾಲೇಜ್ ಎಂಬ ಹೆಸರು ಬಂದದ್ದು 2003ರಲ್ಲಿ. ನಮ್ಮವರು ಓದಿದಾಗ ಅದು ಕಾಲೇಜ್ ಆಫ್ ಕಾಂಬ್ಯಾಟ್. ಪ್ರಮಾಣಪತ್ರ ನೋಡದೆ ಬರೆದಿದ್ದರೆ ಇಲ್ಲೂ ತಪ್ಪುತ್ತಿತ್ತು.

ನಮ್ಮ ಪಟ್ಟಿಯಲ್ಲಿ 14 ತಿಂಗಳ ಖಾಲಿ ಬಿತ್ತು. ಮನೆಯವರು ರಹಸ್ಯ ಕಾರ್ಯಾಚರಣೆ ಇರಬೇಕೆಂದು ಖುಷಿಯಾದರು. ಕಟ್ಟು ಬಿಚ್ಚಿ ನೋಡಿದರೆ ಅದರಲ್ಲಿ 11 ತಿಂಗಳು ದೆಹಲಿಯ ಕೋರ್ಸು, ಉಳಿದದ್ದು ರಜೆ ಮತ್ತು ಬದಲಿಯ ನಡುವಿನ ಕಾಲ. ಖಾಲಿ ಕಂಡಲ್ಲೆಲ್ಲ ಶೌರ್ಯ ತುಂಬುವ ಚಪಲ ನಮ್ಮ ಅಭಿನಂದನಾ ಗ್ರಂಥಗಳ ದೊಡ್ಡ ಕಾಯಿಲೆ.

ಮಾತುಗಳದು ಇನ್ನೊಂದು ಪಡಿಪಾಟಲು. "1976ರಲ್ಲಿ ಕಮಿಷನ್ ಪಡೆದರು" ಎಂದು ಬರೆದು ರಾಯಚೂರಿನ ಹತ್ತಿ ಮಾರ್ಕೆಟ್ಟಿನಲ್ಲಿ ಓದಿಸಿ ನೋಡಿ, ಎಷ್ಟು ಪರ್ಸೆಂಟು ಅಂತ ಕೇಳುತ್ತಾರೆ. ಮೊದಲ ಸಲ ಬಂದಲ್ಲಿ "ರಾಷ್ಟ್ರಪತಿಗಳ ಕಮಿಷನ್, ಅಂದರೆ ಅಧಿಕಾರಿಯಾಗಿ ನೇಮಿಸಿದ ಸನದು" ಎಂದು ಬಿಡಿಸಿ ಬರೆದು, ಆಮೇಲೆ ಬರೀ ಕಮಿಷನ್ ಎಂದೆವು. ಕಂಪ್ಯೂಟರಿನಲ್ಲಿ ಅನುವಾದ ಮಾಡಿ ತಂದಿದ್ದ ಒಂದು ಹಾಳೆಯಲ್ಲಿ ಡಿವಿಜನ್ನಿನ ಜನರಲ್ ಆಫೀಸರ್ ಕಮಾಂಡಿಂಗ್ "ಸಾಮಾನ್ಯ ಅಧಿಕಾರಿ" ಆಗಿದ್ದರು. ಸ್ಟಾಫ್ ಆಫೀಸರ್ ದರ್ಜೆ 1, 2, 3ರಲ್ಲಿ ಒಂದು ದೊಡ್ಡದು, ಮೂರು ಚಿಕ್ಕದು. ಓದುವವರು ಬಡ್ತಿಯಿಂದ ಇಳಿದರು ಎಂದುಕೊಳ್ಳದ ಹಾಗೆ ಬರೆಯಬೇಕು. ಬ್ರಿಗೇಡ್ ಮೇಜರ್ ಎಂಬುದು ಹುದ್ದೆ, ಸುಬೇದಾರ್ ಮೇಜರ್ ಎಂಬುದು ಜೆಸಿಒ ರ‍್ಯಾಂಕ್, ಇವೆರಡನ್ನೂ ಮೇಜರ್ ರ‍್ಯಾಂಕಿನ ಜೊತೆ ಕಲಸಬಾರದು. ಕರ್ನಲ್ ಆಫ್ ದಿ ರೆಜಿಮೆಂಟ್ ಎಂಬುದು ರೆಜಿಮೆಂಟಿನ ಹಿರಿಯರಿಗೆ ಸಲ್ಲುವ ಗೌರವದ ಹುದ್ದೆ. ಅದನ್ನು ಹೊತ್ತವರು ಲೆಫ್ಟಿನೆಂಟ್ ಜನರಲ್ಲೂ ಆಗಿರಬಹುದು. ಡಿವಿಜನ್ನಿಗಿಂತ ದೊಡ್ಡ ಪಡೆಯಾದ ಕೋರ್ (Corps) ಎನ್ನುವುದನ್ನು ಅಕ್ಷರ ಹಿಡಿದು "ಕಾರ್ಪ್ಸ್" ಎಂದು ಬರೆದರೆ ಫೌಜಿನವರು ಪುಸ್ತಿಕೆ ಅಲ್ಲೇ ಮುಚ್ಚುತ್ತಾರೆ.

ಫೋಟೊಗಳಿಗೆ ಹೆಚ್ಚು ಹೊತ್ತು ಕೊಟ್ಟೆವು, ಕೊಡಬೇಕು ಕೂಡ. ತಾರೀಖು ಬರೆಯದ ಫೋಟೊದ ತಾರೀಖು ಭುಜದ ಮೇಲಿರುತ್ತದೆ. ಎರಡು ನಕ್ಷತ್ರ ಲೆಫ್ಟಿನೆಂಟ್, ಮೂರು ಕ್ಯಾಪ್ಟನ್, ಅಶೋಕ ಸಿಂಹ ಒಂದೇ ಇದ್ದರೆ ಮೇಜರ್. ಸಿಂಹದ ಜೊತೆ ಒಂದು ನಕ್ಷತ್ರ ಲೆಫ್ಟಿನೆಂಟ್ ಕರ್ನಲ್, ಎರಡು ಕರ್ನಲ್, ಮೂರು ಬ್ರಿಗೇಡಿಯರ್. ಕತ್ತಿ ಮತ್ತು ದಂಡ ಅಡ್ಡಡ್ಡ ಕಂಡರೆ ಜನರಲ್‌ಗಳ ಸಾಲು: ಮೇಲೆ ನಕ್ಷತ್ರವಿದ್ದರೆ ಮೇಜರ್ ಜನರಲ್, ಸಿಂಹವಿದ್ದರೆ ಲೆಫ್ಟಿನೆಂಟ್ ಜನರಲ್, ಎರಡೂ ಇದ್ದರೆ ಪೂರ್ಣ ಜನರಲ್. ಕಾಲರಿನ ಮೇಲೆ ಕೆಂಪು ಪಟ್ಟಿ ಬರುವುದು ಕರ್ನಲ್‌ನಿಂದ. ಸಿಂಹದ ಬದಲು ಕಿರೀಟ ಕಂಡರೆ ಆ ಫೋಟೊ 1950ರ ಜನವರಿ 26ಕ್ಕಿಂತ ಹಿಂದಿನದು.

ಮೆಸ್ಸಿನ ಮುಂದೆ ಬೇವಿನ ಮರದ ಕೆಳಗೆ ತೆಗೆದ ಒಂದು ಗುಂಪಿನ ಫೋಟೊ ಇತ್ತು, ಕಪ್ಪು ಬಿಳುಪು. ನಡುವೆ ಕೂತವರ ಭುಜದಲ್ಲಿ ಎರಡು ನಕ್ಷತ್ರ, ಇವರೇ ನಮ್ಮ ಸಾಹೇಬರು ಎಂದು ಮನೆಯವರು ಗುರುತಿಸಿದ್ದರು. ಸುಬೇದಾರ್ ಸಾಹೇಬರು ಭೂತಗನ್ನಡಿ ಹಿಡಿದು ಭುಜದ ತುದಿ ನೋಡಿದರು, ನಕ್ಷತ್ರದ ಕೆಳಗೆ ಅಡ್ಡ ಒಂದು ಪಟ್ಟಿ. ಜೆಸಿಒಗಳ ಗುರುತು ಅದು. ಬಣ್ಣದಲ್ಲಾದರೆ ಕೆಂಪು ಹಳದಿ ಎದ್ದು ಕಾಣುತ್ತದೆ, ಕಪ್ಪು ಬಿಳುಪಿನಲ್ಲಿ ಬಟ್ಟೆಯ ಮಡಿಕೆಯ ಹಾಗೆ ತೋರುತ್ತದೆ. ಕೂತವರು ಸುಬೇದಾರರು. ನಮ್ಮವರು ಹಿಂದಿನ ಸಾಲಿನಲ್ಲಿ ಎಡತುದಿಗೆ, ಅರ್ಧ ಮುಖ ನೆರಳಿನಲ್ಲಿ.

ಇನ್ನೊಂದು ಫೋಟೊದಲ್ಲಿ ಪದಕಗಳು ಬಲ ಎದೆಯ ಮೇಲಿದ್ದವು. ಸ್ವಂತ ಪದಕ ಯಾವತ್ತೂ ಎಡಕ್ಕೆ. ಬಲಕ್ಕೆ ತೊಡುವುದು ತೀರಿಕೊಂಡ ಮನೆಯವರ ಪದಕಗಳನ್ನು. ಇಲ್ಲಿ ಎರಡನೆಯದಲ್ಲ. ಕೋಟಿನ ಗುಂಡಿಯ ಸಾಲು ನೋಡಿದಾಗ ಅದೂ ಉಲ್ಟಾ. ನೆಗೆಟಿವ್ ತಿರುಗಿಸಿ ಸ್ಕ್ಯಾನ್ ಮಾಡಿದ್ದರು, ಅಷ್ಟೇ.

ಪದಕಗಳು ಕಬ್ಬಿಣದ ಬೀರುವಿನಲ್ಲಿ ಕರವಸ್ತ್ರದಲ್ಲಿ ಸುತ್ತಿದ್ದವು. ಬಿಚ್ಚಿ ಮೇಜಿನ ಮೇಲಿಟ್ಟಾಗ ಮಗಳು, "ಇಷ್ಟೊಂದಾ? ಅಪ್ಪಾಜಿ ಇವನ್ನ ಹಾಕ್ಕೊಂಡಿದ್ದು ನಾನು ನೋಡಿದ್ದೇ ಕಮ್ಮಿ ರೀ" ಎಂದರು. ಎಣಿಕೆಗೆ ಮರುಳಾಗಬಾರದು. 9, 20, 30 ವರ್ಷದ ಸೇವೆಗೆ ಒಂದೊಂದು ಪದಕ, 1997ರಲ್ಲಿ ಸ್ವಾತಂತ್ರ್ಯದ 50ನೇ ವರ್ಷಕ್ಕೆ ಸೇವೆಯಲ್ಲಿದ್ದವರಿಗೆಲ್ಲ ಒಂದು, ಎತ್ತರದ ಗಡಿಯಲ್ಲಿದ್ದುದಕ್ಕೆ ಒಂದು, 2001-02ರಲ್ಲಿ ಪಾಕಿಸ್ತಾನದ ಗಡಿಗೆ ಸೇನೆ ಜಮಾಯಿಸಿದ ಆಪರೇಷನ್ ಪರಾಕ್ರಮಕ್ಕೆ ಒಂದು. ಇವು ಎಲ್ಲಿದ್ದರು, ಎಷ್ಟು ಕಾಲ ಇದ್ದರು ಎಂಬುದಕ್ಕೆ ಸಾಕ್ಷಿ, ನಮ್ಮ ಐದು ಕಾಲಮ್ಮಿನ ಹಾಳೆಗೆ ತಾಳೆ ನೋಡಲು ಬಹಳ ಒಳ್ಳೆಯವು. ಹೆಸರಿನ ಮುಂದೆ ಅಕ್ಷರವಾಗಿ ಬರುವುದು ಬೇರೆ ಸಾಲು: ಪರಮ ವಿಶಿಷ್ಟ, ಅತಿ ವಿಶಿಷ್ಟ, ವಿಶಿಷ್ಟ ಸೇವಾ ಪದಕ. ಇವು ಶಾಂತಿಕಾಲದ ಉತ್ತಮ ಸೇವೆಗೆ. ಯುದ್ಧ, ಕಾರ್ಯಾಚರಣೆಯಲ್ಲಿನ ವಿಶೇಷ ಸೇವೆಗೆ 1980ರಲ್ಲಿ ಬಂದ ಯುದ್ಧ ಸೇವಾ ಪದಕಗಳ ಸಾಲಿದೆ. ಸೇನಾ ಪದಕ ಶೌರ್ಯಕ್ಕೂ ಸಿಗುತ್ತದೆ, ವಿಶಿಷ್ಟ ಸೇವೆಗೂ ಸಿಗುತ್ತದೆ. ಯಾವುದಕ್ಕೆಂದು ಗೆಜೆಟ್ ನೋಡದೆ ಬರೆಯಬಾರದು. ಪ್ರಕಟಣೆ ಹೆಚ್ಚಾಗಿ ಗಣರಾಜ್ಯೋತ್ಸವದ ಹೊತ್ತಿಗೆ, ಎದೆಗೆ ಚುಚ್ಚುವ ಸಮಾರಂಭ ತಿಂಗಳುಗಳ ನಂತರ. ಹಾಗಾಗಿ ಫೋಟೊದ ತಾರೀಖೂ ಗೆಜೆಟ್ಟಿನ ತಾರೀಖೂ ಒಂದಾಗುವುದಿಲ್ಲ. ಗೆಜೆಟ್ಟಿನದನ್ನೇ ಹಿಡಿಯಿರಿ.

ವಿಶಿಷ್ಟ ಸೇವಾ ಪದಕಗಳ ರಿಬ್ಬನ್ ಹಳದಿ, ಮೇಲೆ ಕಡುನೀಲಿ ಗೆರೆ. ಪರಮಕ್ಕೆ ಒಂದು ಗೆರೆ, ಅತಿಗೆ ಎರಡು, ಬರೀ ವಿಶಿಷ್ಟಕ್ಕೆ ಮೂರು. ಗೆರೆ ಹೆಚ್ಚಾದಷ್ಟು ಪದಕ ಚಿಕ್ಕದು. ಇವು 1960ರಲ್ಲಿ ಶುರುವಾದಾಗ ಒಂದು, ಎರಡು, ಮೂರನೇ ದರ್ಜೆ ಎಂದೇ ಕರೆಯುತ್ತಿದ್ದರು. ಗೆರೆಯ ಲೆಕ್ಕ ಅದಕ್ಕೆ ಹೊಂದುತ್ತದೆ. 1967ರಲ್ಲಿ ಈಗಿನ ಹೆಸರು ಬಂತು.

ಸಮಾರಂಭದ ದಿನ ಹೇಳುವಂಥದು ಒಂದೇ. ನಮ್ಮಲ್ಲಿ ಸನ್ಮಾನವೆಂದರೆ ಪೇಟ, ಶಾಲು, ಹಾರ. ಶಾಲು ಹೊದಿಸಿದ ಕೂಡಲೇ ಪದಕದ ಸಾಲು ಪೂರ್ತಿ ಮುಚ್ಚಿಹೋಗುತ್ತದೆ, ಹಾರದ ಒದ್ದೆ ಹೂವಿನ ಕಲೆ ರಿಬ್ಬನ್ನಿಗೆ ಹತ್ತಿದರೆ ಹೋಗುವುದಿಲ್ಲ. ಬಂಧ್‌ಗಲಾ ಕೋಟಿನ ಮೇಲೆ ಪದಕ ತೊಟ್ಟವರನ್ನು ಮೊದಲು ಹಾಗೇ ಒಂದು ಫೋಟೊ ತೆಗೆದು, ಹಾರ ಕೈಗೆ ಕೊಟ್ಟು, ಶಾಲನ್ನು ಬಲಭುಜಕ್ಕಷ್ಟೇ ಹಾಕಿಸಿದೆವು.

ಪುಸ್ತಿಕೆಯಲ್ಲಿ ಒಂದು ತಪ್ಪು ಉಳಿದೇಬಿಟ್ಟಿತು, ಅದೂ ನಾವು ಅಷ್ಟು ಕಾದ ಜಾಗದಲ್ಲೇ. 31ನೇ ಪುಟದ ಪದಕಗಳ ಫೋಟೊದ ಅಡಿಬರಹವನ್ನು ಪುಟ ಜೋಡಿಸುವಾಗ ಯಾರೋ ಸರಿಮಾಡಲು ಹೋಗಿ, ಮೂರು ಗೆರೆಯದನ್ನು ಅತಿ ವಿಶಿಷ್ಟ, ಎರಡು ಗೆರೆಯದನ್ನು ವಿಶಿಷ್ಟ ಎಂದು ಅದಲುಬದಲು ಮಾಡಿದ್ದರು. ಕೊನೆಯ ಕರಡಿನಲ್ಲಿ ಅಡಿಬರಹ ಓದುವುದನ್ನು ನಾವು ಬಿಟ್ಟಿದ್ದೆವು. ಸಮಾರಂಭದ ಮುನ್ನಾದಿನ ರಾತ್ರಿ ಕಣ್ಣಿಗೆ ಬಿತ್ತು. ಎರಡು ಸಾಲಿನ ತಿದ್ದೋಲೆ ಅಚ್ಚು ಹಾಕಿಸಿ ಕತ್ತರಿಸಿ ಒಂದೊಂದಾಗಿ ಅಂಟಿಸಿದೆವು. 500ರಲ್ಲಿ 60 ಪ್ರತಿ ಅಷ್ಟರಲ್ಲಿ ಹಂಚಿಹೋಗಿದ್ದವು.